ಟೈರ್ ಜಾರುವ ಮೊದಲು ಹೇಳುವ ಗೇಮ್ ಯಾವುದು? ರೇಸಿಂಗ್ ಸಿಮ್ಯುಲೇಟರ್ (ಸಿಮ್) ಆರಿಸುವವರಿಗೆ ಒಂದು ಹೋಲಿಕೆ

ಉಪ್ಪಳ, ಕುಂಬಳೆ, ಬದಿಯಡ್ಕ ಕಡೆಯ ಎಷ್ಟೋ ಹುಡುಗರು ಬಸ್ ಗೇಮ್ ಆಡಿ ಬೆಳೆದವರು. ಮೊಬೈಲಿನಲ್ಲಿ ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ, ಅದಕ್ಕೆ ಕೇರಳದ ಟೂರಿಸ್ಟ್ ಬಸ್ಸಿನ ಬಣ್ಣ, ಅದರದೇ ಹಾರ್ನ್. ಕೆಲವರು ಅಲ್ಲಿಂದ ಕಂಪ್ಯೂಟರಿಗೆ ಬರುತ್ತಾರೆ. ದುಡ್ಡು ಕೂಡಿಸಿ ಒಂದು ವೀಲ್, ಅಂದರೆ ಗೇಮ್ ಆಡಲು ಮೋಟಾರ್ ಇರುವ ಸ್ಟಿಯರಿಂಗ್, ತಗೊಳ್ಳುತ್ತಾರೆ. ಆಮೇಲೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಯಾವ ರೇಸಿಂಗ್ ಗೇಮ್ ಜಾಸ್ತಿ ರಿಯಲ್?

ನಾನಾದರೆ ಈ ಪ್ರಶ್ನೆಯನ್ನು ಸ್ವಲ್ಪ ಬದಲಿಸಿ ಕೇಳುತ್ತೇನೆ. ಟೈರ್ ಜಾರುವ ಮೊದಲೇ ನಿಮಗೆ ಹೇಳುವ ಗೇಮ್ ಯಾವುದು? ಕಂಪ್ಯೂಟರಿನ ಒಳಗೆ ಲೆಕ್ಕ ಎಷ್ಟೇ ಸರಿಯಾಗಿರಲಿ, ಅದು ಕೈಗೆ, ಕಿವಿಗೆ, ಕಣ್ಣಿಗೆ ಮುಟ್ಟದಿದ್ದರೆ ಓಡಿಸುವವರಿಗೆ ಉಪಯೋಗವಿಲ್ಲ. ಲೆಕ್ಕದ ನಿಜ ಬೇರೆ, ಓಡಿಸುವ ಅನುಭವ ಬೇರೆ. ಎರಡೂ ಒಟ್ಟಿಗೆ ಸಿಗುವ ಗೇಮ್‌ಗಳು ಕಮ್ಮಿ.

ಕೈಗೆ ಬರುವ ಸುದ್ದಿ

ನಿಜವಾದ ಕಾರಿನಲ್ಲಿ ಏನಾಗುತ್ತದೆ ನೋಡಿ. ತಿರುವಿನಲ್ಲಿ ಸ್ಟಿಯರಿಂಗ್ ತಿರುಗಿಸಿದಾಗ ಮುಂದಿನ ಟೈರಿನ ರಬ್ಬರ್ ಸ್ವಲ್ಪ ತಿರುಚಿಕೊಳ್ಳುತ್ತದೆ. ರಸ್ತೆ ಅದನ್ನು ಪಕ್ಕಕ್ಕೆ ತಳ್ಳುವ ಬಲ ಟೈರಿನ ನಡುಮಧ್ಯಕ್ಕೆ ಬೀಳುವುದಿಲ್ಲ, ಸ್ವಲ್ಪ ಹಿಂದಕ್ಕೆ ಬೀಳುತ್ತದೆ. ಅದಕ್ಕೇ ಸ್ಟಿಯರಿಂಗ್ ನೇರಕ್ಕೆ ಬರಲು ಎಳೆಯುತ್ತದೆ, ಕೈಗೆ ಭಾರ ಅನಿಸುತ್ತದೆ. ಹಿಡಿತ ಮುಗಿಯುವ ಹೊತ್ತಿಗೆ ಆ ಬಲ ಬೀಳುವ ಜಾಗ ಮುಂದಕ್ಕೆ ಸರಿಯುತ್ತದೆ. ಸ್ಟಿಯರಿಂಗ್ ಸಡನ್ನಾಗಿ ಹಗುರವಾಗುತ್ತದೆ. ಕಾರು ನೇರ ಹೋಗಿ ಪೊದೆ ಹತ್ತುವುದು ಅದರ ನಂತರ.

ಜೂನ್ ಮೊದಲ ಮಳೆಯಲ್ಲಿ ಧೂಳು, ಎಣ್ಣೆ ಎಲ್ಲ ಸೇರಿ ರಸ್ತೆ ನುಣುಪಾದಾಗ ಚೆರ್ಕಳದಿಂದ ಜಾಲ್ಸೂರು ಕಡೆಗೆ ಕಾರು ಓಡಿಸಿದವರಿಗೆ ಆ ಹಗುರ ಗೊತ್ತು. ಒಳ್ಳೆ ಸಿಮ್ ಮಾಡಬೇಕಾದ ಮೊದಲ ಕೆಲಸವೇ ಆ ಹಗುರವನ್ನು ಸರಿಯಾದ ಕ್ಷಣಕ್ಕೆ ಕೈಗೆ ತಲುಪಿಸುವುದು.

ಹಿಂದಿನ ಟೈರಿನ ಕಥೆ ಇನ್ನೂ ಕಷ್ಟ. ನಿಜವಾದ ಕಾರಿನಲ್ಲಿ ಹಿಂಬದಿ ಜಾರಿದರೆ ಮೊದಲು ಗೊತ್ತಾಗುವುದು ಸೊಂಟಕ್ಕೆ, ಸೀಟಿನ ಮೂಲಕ. ಮನೆಯ ಕುರ್ಚಿ ಅಲುಗಾಡುವುದಿಲ್ಲ. ಸ್ಟಿಯರಿಂಗಿನ ಎಳೆತ, ಟೈರಿನ ಸದ್ದು, ಪರದೆಯಲ್ಲಿ ಮೂತಿ ಒಳಕ್ಕೆ ತಿರುಗುವ ವೇಗ, ಇಷ್ಟರಲ್ಲೇ ಗೇಮ್ ಅದನ್ನು ಹೇಳಬೇಕು. ಇಲ್ಲಿಯೇ ಒಂದಕ್ಕೊಂದು ನಿಜವಾದ ವ್ಯತ್ಯಾಸ ಕಾಣುವುದು.

ಜಾಹೀರಾತಿನ ಅಂಕಿಗಳನ್ನು ನೋಡಿ ಮಾತ್ರ ತೀರ್ಮಾನ ಮಾಡಬೇಡಿ. ಅಸೆಟ್ಟೊ ಕೊರ್ಸಾ ಅನ್ನುವ ಗೇಮ್ ಸೆಕೆಂಡಿಗೆ 333 ಸಲ ಕಾರಿನ ಲೆಕ್ಕ ಮಾಡುತ್ತದೆ, ಐರೇಸಿಂಗ್ 360 ಸಲ, ಅಸೆಟ್ಟೊ ಕೊರ್ಸಾ ಕಾಂಪೆಟಿಟ್ಸಿಯೋನೆ 400 ಸಲ, ಬೀಮ್‌ಎನ್‌ಜಿ 2000 ಸಲ. ಹಾಗಂತ ಬೀಮ್‌ಎನ್‌ಜಿಯಲ್ಲಿ ರೇಸ್ ಕಾರಿನ ಟೈರ್ ಆರು ಪಟ್ಟು ಚೆನ್ನಾಗಿ ಮಾತಾಡುತ್ತದೆ ಅಂತಲ್ಲ. ಅದಕ್ಕೆ ಅಷ್ಟು ಲೆಕ್ಕ ಬೇಕಾಗಿರುವುದು ಕಾರಿನ ಮೈ ಬಗ್ಗುವುದನ್ನು, ನಜ್ಜುಗುಜ್ಜಾಗುವುದನ್ನು ತೋರಿಸಲು.

ಮೊದಲು ನಿಮ್ಮ ಕೈಯಲ್ಲಿ ಏನಿದೆ ನೋಡಿ

ಕೀಬೋರ್ಡ್ ಮಾತ್ರ ಇದ್ದರೆ ಸಿಮ್‌ಗೆ ದುಡ್ಡು ಹಾಕಬೇಡಿ. ಗೇಮ್‌ಪ್ಯಾಡ್ ಇದ್ದರೆ ಯೋಚಿಸಬಹುದು, ಆದರೆ ಅಲ್ಲೊಂದು ವಿಷಯವಿದೆ. ಹೆಬ್ಬೆರಳಿನ ಪುಟ್ಟ ಚಲನೆಯನ್ನು ಸ್ಟಿಯರಿಂಗ್ ಆಗಿ ಬದಲಿಸಲು ಪ್ರತಿ ಗೇಮ್ ಮಧ್ಯದಲ್ಲಿ ಸಹಾಯ ಮಾಡುತ್ತದೆ. ವೇಗ ಜಾಸ್ತಿಯಾದಾಗ ತಿರುವನ್ನು ಕಮ್ಮಿ ಮಾಡುತ್ತದೆ, ಜಾರಿದರೆ ಕೆಲವು ಗೇಮ್ ತಾನೇ ಸ್ವಲ್ಪ ತಿದ್ದುತ್ತದೆ. ಹಾಗಾಗಿ ಪ್ಯಾಡಿನಲ್ಲಿ ಎರಡು ಗೇಮ್ ಹೋಲಿಸಿದರೆ ನೀವು ಬಹುಪಾಲು ಆ ಸಹಾಯವನ್ನೇ ಹೋಲಿಸುತ್ತಿರುತ್ತೀರಿ.

ಇಲ್ಲಿ ಜಾಸ್ತಿ ಕಾಣುವ ವೀಲ್ ಲಾಜಿಟೆಕ್ ಜಿ29, ಜಿ923. ಹಲ್ಲುಚಕ್ರದ ವೀಲ್, 900 ಡಿಗ್ರಿ ತಿರುಗುತ್ತದೆ, ಬಲ ಸುಮಾರು 2 ನ್ಯೂಟನ್ ಮೀಟರ್. ಥ್ರಸ್ಟ್‌ಮಾಸ್ಟರ್ ಟಿ300 ಬೆಲ್ಟಿನದು, ಸುಮಾರು 4. ಮೋಟಾರಿಗೆ ನೇರವಾಗಿ ಜೋಡಿಸುವ ಡೈರೆಕ್ಟ್ ಡ್ರೈವ್ ವೀಲ್‌ಗಳಲ್ಲಿ ಫನಾಟೆಕ್ ಸಿಎಸ್‌ಎಲ್ ಡಿಡಿ 5, ಮೋಜಾ ಆರ್5 5.5. ಬಲಕ್ಕಿಂತ ಮುಖ್ಯ ಸೂಕ್ಷ್ಮ. ಹಲ್ಲುಚಕ್ರದ ವೀಲ್‌ನಲ್ಲಿ ನಡುಮಧ್ಯದ ಸಣ್ಣ ಬಲಗಳು ಕಳೆದುಹೋಗುತ್ತವೆ. ಆ ಹಗುರ ಗೊತ್ತಾಗುತ್ತದೆ, ಆದರೆ ಸ್ವಲ್ಪ ತಡವಾಗಿ. ಆದರೂ ಶುರುವಿಗೆ ಅದು ಸಾಕು. ಜಿ29 ಇಟ್ಟುಕೊಂಡೇ ತುಂಬ ವೇಗವಾಗಿ ಓಡಿಸುವವರಿದ್ದಾರೆ.

ಜಾಸ್ತಿ ದುಡ್ಡು ಇದ್ದರೆ ನಾನು ವೀಲಿಗಿಂತ ಮೊದಲು ಬ್ರೇಕ್ ಪೆಡಲಿಗೆ ಹಾಕು ಅನ್ನುತ್ತೇನೆ. ಕಾಲು ನೆನಪಿಡುವುದು ಎಷ್ಟು ದೂರ ಒತ್ತಿದೆ ಅಂತಲ್ಲ, ಎಷ್ಟು ಬಲ ಹಾಕಿದೆ ಅಂತ. ಲೋಡ್ ಸೆಲ್ ಇರುವ ಪೆಡಲ್ ಅಳೆಯುವುದು ಬಲವನ್ನೇ. ತಿರುವಿನ ಒಳಗೆ ಬ್ರೇಕನ್ನು ನಿಧಾನಕ್ಕೆ ಬಿಡುತ್ತಾ ಹೋಗುವ ಕಲೆ ಅದರಲ್ಲಿ ಬೇಗ ಬರುತ್ತದೆ. ಇನ್ನೊಂದು, ನಮ್ಮ ಕರಾವಳಿಯ ತೇವದಲ್ಲಿ ಒತ್ತಿದ ದೂರ ಅಳೆಯುವ ಪೊಟೆನ್ಶಿಯೋಮೀಟರ್ ಇರುವ ಪೆಡಲ್ ಒಳಗೆ ಕೊಳೆ ಕೂತು ಸಿಗ್ನಲ್ ಜಿಗಿಯುವುದು ಮಾಮೂಲು. ಮಳೆಗಾಲದಲ್ಲಿ ಬಟ್ಟೆ ಮುಚ್ಚಿಡಿ. ಕಾಲಿಗೆ ಚಕ್ರ ಇರುವ ಆಫೀಸ್ ಕುರ್ಚಿ ಬೇಡ, ಬ್ರೇಕ್ ಒತ್ತಿದರೆ ಹಿಂದೆ ಓಡುತ್ತದೆ.

ಹಾಗಾದರೆ ಯಾವುದು?

ಮೊದಲ ಸಿಮ್ ಅಂದರೆ ನನ್ನ ಉತ್ತರ ಅಸೆಟ್ಟೊ ಕೊರ್ಸಾ. ಇಟಲಿಯ ಕುನೋಸ್ ಸಿಮುಲಾಝಿಯೋನಿ 2014ರ ಡಿಸೆಂಬರಿನಲ್ಲಿ ಬಿಡುಗಡೆ ಮಾಡಿದ ಗೇಮ್. ಇಷ್ಟು ಹಳೆಯದನ್ನು ಯಾಕೆ ಹೇಳುತ್ತೇನೆ? ಅದರ ಸ್ಟಿಯರಿಂಗ್ ಮಾತು ಸ್ಪಷ್ಟ. ಮುಂದಿನ ಟೈರ್ ಸೋಲುವುದು ಹಲ್ಲುಚಕ್ರದ ವೀಲ್‌ನಲ್ಲೂ ಕೈಗೆ ತಿಳಿಯುತ್ತದೆ. ಹಿಂಬದಿ ಜಾರಿದರೆ ವೀಲ್ ತಾನೇ ಎದುರು ದಿಕ್ಕಿಗೆ ತಿರುಗಲು ನೋಡುತ್ತದೆ, ನೀವು ಸಡಿಲ ಬಿಟ್ಟರೆ ಸಾಕು. ರೇಸ್ ಕಾರು ಮಾತ್ರವಲ್ಲ, ಸಾಮಾನ್ಯ ರಸ್ತೆಯ ಕಾರುಗಳೂ ಇವೆ. ಸಾಮಾನ್ಯ ಟೈರಿನ ಕಾರಿನಲ್ಲಿ ತೂಕ ಮುಂದೆ ಹಿಂದೆ ಹೋಗುವುದು ನಿಧಾನ, ಹಾಗಾಗಿ ಕಲಿಯಲು ಅದೇ ಒಳ್ಳೆಯದು.

ಜೊತೆಗೆ ರಸ್ತೆ. ಯುರೋಪಿನ ಸ್ಪಾ, ಮೋಂಝಾ, ಮುಜೆಲ್ಲೊ ತರದ ಟ್ರ್ಯಾಕ್‌ಗಳನ್ನು ಲೇಸರಿನಿಂದ ಅಳೆದು ಮಾಡಿದ್ದಾರೆ. ಅಂದರೆ ಡಾಂಬರಿನ ಉಬ್ಬುತಗ್ಗು ಯಾರೋ ಅಂದಾಜಿನಲ್ಲಿ ಬರೆದದ್ದಲ್ಲ, ಇದ್ದ ಹಾಗೇ ಬಂದದ್ದು. 2015ರಲ್ಲಿ ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ನಾರ್ಡ್‌ಶ್ಲೈಫೆಯನ್ನೂ ಹೀಗೇ ಅಳೆದು ಸೇರಿಸಿದರು. 20.8 ಕಿಲೋಮೀಟರ್, 73 ತಿರುವು, ಮುನ್ನೂರು ಮೀಟರಿನಷ್ಟು ಏರಿಳಿತ, ಎರಡೂ ಕಡೆ ಕಾಡು. ಮುಳ್ಳೇರಿಯ, ಆದೂರು ಕಡೆಯ ಏರುತಗ್ಗಿನ ದಾರಿ ಅಭ್ಯಾಸ ಇರುವವರಿಗೆ ಇದು ಬೇಗ ಇಷ್ಟವಾಗುತ್ತದೆ. ಗುಡ್ಡದ ನೆತ್ತಿಯಲ್ಲಿ ಕಾರಿನ ತೂಕ ಇಳಿದು ಸ್ಟಿಯರಿಂಗ್ ಖಾಲಿಯಾಗುವುದು, ತಗ್ಗಿನಲ್ಲಿ ಟೈರ್ ಒತ್ತಿ ಭಾರವಾಗುವುದು ಕೈಗೆ ಸ್ಪಷ್ಟವಾಗಿ ಬರುತ್ತದೆ. ಒಂದು ಸುತ್ತು ತಪ್ಪಿಲ್ಲದೆ ಮುಗಿಸಿದ ಖುಷಿಯೇ ಬೇರೆ.

ಕೊರತೆಯೂ ಇದೆ. ಮೂಲ ಗೇಮ್‌ನಲ್ಲಿ ಮಳೆ ಇಲ್ಲ, ರಾತ್ರಿ ಇಲ್ಲ, ಕಂಪ್ಯೂಟರ್ ಓಡಿಸುವ ಎದುರಾಳಿಗಳು ಸಪ್ಪೆ. ಆಟಗಾರರೇ ಮಾಡಿದ ಕಂಟೆಂಟ್ ಮ್ಯಾನೇಜರ್, ಕಸ್ಟಮ್ ಶೇಡರ್ಸ್ ಪ್ಯಾಚ್ ಹಾಕಿಕೊಂಡರೆ ಇದರಲ್ಲಿ ಬಹಳಷ್ಟು ಸರಿಯಾಗುತ್ತದೆ. ಸಾವಿರಾರು ಕಾರು, ಟ್ರ್ಯಾಕ್‌ಗಳ ಮೋಡ್, ಅಂದರೆ ಆಟಗಾರರೇ ಮಾಡಿದ ಸೇರ್ಪಡೆಗಳು, ಸಿಗುತ್ತವೆ. ನೋಯ್ಡಾ ಹತ್ತಿರದ ಬುದ್ಧ್ ಸರ್ಕಿಟ್ ಕೂಡ ಸಿಗುತ್ತದೆ. ಆದರೆ ಮೋಡ್ ಕಾರು ಕೆಟ್ಟದಾಗಿ ಓಡಿದರೆ ಗೇಮನ್ನು ಬೈಯಬೇಡಿ. ಮೊದಲು ಮೂಲ ಕಾರುಗಳಲ್ಲೇ ಕೈ ಪಳಗಿಸಿ.

ಅದೇ ಕಂಪನಿಯ ಕಾಂಪೆಟಿಟ್ಸಿಯೋನೆ 2019ರಲ್ಲಿ ಬಂತು. ರಸ್ತೆಯ ಸ್ಪೋರ್ಟ್ಸ್ ಕಾರನ್ನು ರೇಸಿಗೆ ಬದಲಿಸಿದ ಜಿಟಿ3, ಜಿಟಿ4 ತರದ ಕಾರುಗಳ ರೇಸ್‌ಗೆ ಮಾತ್ರ ಮಾಡಿದ್ದು. ಇದರ ಮಳೆ ನನಗೆ ತುಂಬ ಇಷ್ಟ. ನೀರು ಎಲ್ಲ ಕಡೆ ಒಂದೇ ಸಮ ನಿಲ್ಲುವುದಿಲ್ಲ. ತಗ್ಗಿನಲ್ಲಿ ನಿಲ್ಲುತ್ತದೆ, ಮಳೆ ನಿಂತ ಮೇಲೆ ಕಾರುಗಳು ಓಡಿದ ಸಾಲು ಮೊದಲು ಒಣಗುತ್ತದೆ. ಮಳೆ ಬರುವಾಗ ಎಲ್ಲಿ ಹಿಡಿತ ಸಿಗುತ್ತದೆ ಅಂತ ಹುಡುಕುತ್ತಾ ಓಡಿಸುವುದು ನಮ್ಮಂಥ ಮಳೆ ಊರಿನವರಿಗೆ ಹೊಸತಲ್ಲ, ಅಲ್ವಾ? ಟೈರಿನ ಗಾಳಿಯ ಒತ್ತಡವೂ ಇಲ್ಲಿ ಮುಖ್ಯ. ಜಿಟಿ3 ಕಾರಿನಲ್ಲಿ ಒಣ ರಸ್ತೆಯ ಟೈರ್ ಬಿಸಿಯಾದ ಮೇಲೆ ಸುಮಾರು 26ರಿಂದ 27 ಪಿಎಸ್‌ಐ ನಡುವೆ ಇರಬೇಕು. ತಪ್ಪಿದರೆ ಕಾರು ಬೇರೆಯದೇ ಆಗುತ್ತದೆ. ಸ್ಟಿಯರಿಂಗ್ ಮಾತ್ರ ಮೊದಲಿನ ಗೇಮ್‌ಗಿಂತ ಸ್ವಲ್ಪ ಮೆತ್ತಗೆ. ಹಲ್ಲುಚಕ್ರದ ವೀಲ್‌ನಲ್ಲಿ ಮುಂಬದಿಯ ಸುದ್ದಿ ಮಂಕಾಗಿ ಬರುತ್ತದೆ. ಕಂಪ್ಯೂಟರೂ ಗಟ್ಟಿಯಿರಬೇಕು.

ಟೈರಿನ ಮಾತು ಎಲ್ಲಕ್ಕಿಂತ ಚೆನ್ನಾಗಿ ಕೇಳುವುದು ಎಲ್ಲಿ ಅಂದರೆ, ನನ್ನ ಕೈಗೆ ಅದು ಲೆ ಮಾನ್ಸ್ ಅಲ್ಟಿಮೇಟ್. ಆರ್‌ಫ್ಯಾಕ್ಟರ್ 2 ಅನ್ನುವ ಹಳೆಯ ಸಿಮ್ ನೋಡಿಕೊಳ್ಳುತ್ತಿದ್ದ ಸ್ಟುಡಿಯೋ 397 ಅದೇ ತಳಹದಿಯ ಮೇಲೆ ಕಟ್ಟಿದ ಗೇಮ್. 2024ರ ಫೆಬ್ರವರಿಯಲ್ಲಿ ಅರೆಬರೆಯಾಗಿ ಬಂತು, 2025ರ ಜುಲೈಯಲ್ಲಿ ಪೂರ್ತಿ ಬಿಡುಗಡೆಯಾಯಿತು. ಗಂಟೆಗಟ್ಟಲೆ ಓಡುವ ರೇಸ್‌ಗಳ ವಿಶ್ವ ಎಂಡ್ಯೂರೆನ್ಸ್ ಚಾಂಪಿಯನ್‌ಶಿಪ್‌ನ ಹೈಪರ್‌ಕಾರುಗಳು ಇದರಲ್ಲಿವೆ. ಆ ರೇಸ್‌ಗಳಲ್ಲಿ ಟೈರನ್ನು ಮೊದಲೇ ಬಿಸಿ ಮಾಡುವಂತಿಲ್ಲ, ತಣ್ಣಗಿನ ಟೈರಿನಲ್ಲೇ ಪಿಟ್ ಬಿಟ್ಟು ಹೊರಡಬೇಕು. ಗೇಮ್‌ನಲ್ಲಿ ಆ ಮೊದಲ ಸುತ್ತು ಓಡಿಸಿ ನೋಡಿ. ರಬ್ಬರ್ ಗಟ್ಟಿಯಾಗಿರುವುದು, ತಿರುವಿನಿಂದ ತಿರುವಿಗೆ ಅದು ಮೆತ್ತಗಾಗಿ ರಸ್ತೆಯನ್ನು ಹಿಡಿಯುತ್ತಾ ಬರುವುದು ಕೈಗೆ ತಿಳಿಯುತ್ತದೆ. ಅಮೆರಿಕದ ಸೆಬ್ರಿಂಗ್ ಟ್ರ್ಯಾಕಿನ ಒಂದು ಭಾಗ ಹಳೆಯ ವಿಮಾನ ನೆಲೆಯ ಕಾಂಕ್ರೀಟ್ ಮೇಲಿದೆ. ಅಲ್ಲಿ ಒಂದು ಹಲಗೆ ಮುಗಿದು ಇನ್ನೊಂದು ಶುರುವಾಗುವ ಜಾಗ ವೀಲಿನಲ್ಲಿ ಬಡಿಯುತ್ತದೆ. ಆದರೆ ರಸ್ತೆ ಕಾರು ಇಲ್ಲ, ಸುಮ್ನೆ ಸುತ್ತಾಡುವ ಗೇಮ್ ಇದಲ್ಲ. ಎರಡನೆಯ ಸಿಮ್ ಆಗಿ ತಗೊಳ್ಳಿ.

ಐರೇಸಿಂಗ್ 2008ರಿಂದ ಇದೆ. ಅದನ್ನು ಬರೀ ಓಡಿಸುವ ಅನುಭವದಿಂದ ಅಳೆಯಬಾರದು. ಅದರ ಜೀವ ಇರುವುದು ಬೇರೆ ಮನುಷ್ಯರ ಜೊತೆ ಓಡುವುದರಲ್ಲಿ. ಟ್ರ್ಯಾಕ್ ಬಿಟ್ಟು ಹೋದರೆ 1 ತಪ್ಪಿನ ಅಂಕ, ಹತೋಟಿ ತಪ್ಪಿದರೆ 2, ಜೋರಾಗಿ ಗುದ್ದಿಕೊಂಡರೆ 4. ತಪ್ಪು ಯಾರದೇ ಆಗಿರಲಿ, ಇಬ್ಬರಿಗೂ ಬೀಳುತ್ತದೆ. ಇವು ಜಾಸ್ತಿಯಾದರೆ ನಿಮ್ಮ ಸೇಫ್ಟಿ ರೇಟಿಂಗ್ ಇಳಿಯುತ್ತದೆ. ಮೊದಲು ಇದು ಅನ್ಯಾಯ ಅನಿಸುತ್ತದೆ. ಆದರೆ ಇದರಿಂದಲೇ ಜನ ಒಬ್ಬರಿಗೊಬ್ಬರು ಜಾಗ ಬಿಟ್ಟು ಓಡಿಸುತ್ತಾರೆ. ಚಂದಾ ಕಟ್ಟಬೇಕು, ಅದರ ಮೇಲೆ ಚಂದಾದ ಜೊತೆ ಸಿಗದ ಕಾರು, ಟ್ರ್ಯಾಕ್‌ಗಳಿಗೆ ಬೇರೆ ದುಡ್ಡು. ಓದುವ ಹುಡುಗರ ಕೈಗೆ ಇದು ಭಾರ. ಸ್ಟಿಯರಿಂಗಿನ ಸುದ್ದಿ ಶುದ್ಧ, ಆದರೆ ಒಣಗಿದ ಹಾಗೆ. ಸಾಧಾರಣ ವೀಲ್‌ನಲ್ಲಿ ತುಂಬ ಕಮ್ಮಿ ಗೊತ್ತಾಗುತ್ತದೆ.

ಪ್ಲೇಸ್ಟೇಷನ್ ಇರುವ ಮನೆಗೆ ಗ್ರಾನ್ ಟುರಿಸ್ಮೊ 7. 2022ರಲ್ಲಿ ಬಂದದ್ದು. ಪ್ಯಾಡಿನಲ್ಲಿ ಇಷ್ಟು ಚೆನ್ನಾಗಿ ಕಾರಿನ ತೂಕ ತಿಳಿಸುವ ಗೇಮ್ ಇನ್ನೊಂದನ್ನು ನಾನು ಕಂಡಿಲ್ಲ. ಪಿಎಸ್5 ಪ್ಯಾಡಿನ ಬ್ರೇಕ್ ಗುಂಡಿ ಎಬಿಎಸ್ ಬಂದಾಗ ಬೆರಳಿಗೇ ನಡುಗುತ್ತದೆ. ಟೈರ್ ಸೋತ ಮೇಲೆ ಇದು ಸಿಮ್‌ಗಳಿಗಿಂತ ಕರುಣೆ ತೋರಿಸುತ್ತದೆ. ಫೋರ್ಜಾ ಹೊರೈಜನ್ 5 ಚಂದ, ಆದರೆ ಈ ಹೋಲಿಕೆಗೆ ಸೇರುವುದಿಲ್ಲ. ಬ್ರೆಜಿಲಿನ ರೈಝಾ ಸ್ಟುಡಿಯೋಸ್‌ನ ಆಟೋಮೊಬಿಲಿಸ್ಟಾ 2 ಹಳೆಯ ಕಾರುಗಳ ಪ್ರೀತಿ ಇರುವವರಿಗೆ. ತೀರಾ ಹಳೆಯ ಲ್ಯಾಪ್‌ಟಾಪ್ ಇದ್ದರೆ ಲೈವ್ ಫಾರ್ ಸ್ಪೀಡ್‌ನ ಉಚಿತ ಡೆಮೊ ಹಾಕಿ ನೋಡಿ. ಕಾರು, ಟ್ರ್ಯಾಕ್ ಕೆಲವೇ ಕೆಲವು. ಆದರೆ 2002ರಿಂದ ಬೆಳೆದು ಬಂದ ಆ ಗೇಮ್‌ನ ಟೈರ್ ಇವತ್ತಿಗೂ ಮರ್ಯಾದೆಯಿಂದ ಮಾತಾಡುತ್ತದೆ.

ಕೆಂಪು ಮಣ್ಣಿನವರಿಗೆ ರ‍್ಯಾಲಿ

ದೇಶದ ಹೆಸರಾಂತ ರ‍್ಯಾಲಿ ನ್ಯಾವಿಗೇಟರ್ ಮೂಸಾ ಶರೀಫ್ ನಮ್ಮ ಕಾಸರಗೋಡಿನವರು. ಗೌರವ್ ಗಿಲ್ ಅಂಥ ಚಾಲಕರ ಪಕ್ಕ ಕೂತು ಮುಂದಿನ ತಿರುವನ್ನು ಓದಿ ಹೇಳಿದವರು. ಹಾಗಿದ್ದೂ ಇಲ್ಲಿಯ ಹುಡುಗರು ರ‍್ಯಾಲಿ ಗೇಮ್ ಬಿಟ್ಟು ಎಫ್1 ಹಿಂದೆಯೇ ಹೋಗುವುದು ನನಗೆ ಬೇಜಾರು.

ಮಣ್ಣಿನಲ್ಲಿ ಟೈರಿನ ಲೆಕ್ಕ ಬೇರೆ. ಡಾಂಬರಿನಲ್ಲಿ ಜಾರುವುದು ತಪ್ಪು, ಮಣ್ಣಿನಲ್ಲಿ ಜಾರುವುದೇ ದಾರಿ. ಕಾರನ್ನು ತಿರುವಿಗೆ ಮೊದಲೇ ಅಡ್ಡ ಹಾಕಿ, ಬ್ರೇಕಿನಿಂದ ತೂಕ ಮುಂದೆ ತಂದು, ಆಕ್ಸಿಲರೇಟರಿನಿಂದ ಎಳೆಯಬೇಕು. ಸಡಿಲ ನೆಲದಲ್ಲಿ ಸ್ಟಿಯರಿಂಗಿಗೆ ಬರುವ ಸುದ್ದಿಯೇ ಕಮ್ಮಿ. ಕಣ್ಣು, ಕಿವಿಗೆ ಕೆಲಸ ಜಾಸ್ತಿ. ಹಾಗಾಗಿ ವೀಲ್ ಇಲ್ಲದವರೂ ಪ್ಯಾಡ್ ಹಿಡಿದು ಇದರಲ್ಲಿ ನಿಜವಾಗಿ ಕಲಿಯಬಹುದು. ನ್ಯಾವಿಗೇಟರ್ ತಿರುವಿಗೆ ನಂಬರ್ ಹೇಳುತ್ತಾನೆ. ಸಿಕ್ಸ್ ಅಂದರೆ ಸಲೀಸು, ವನ್ ಅಂದರೆ ಬಿಗಿ, ಆಮೇಲೆ ಹೇರ್‌ಪಿನ್. ಆ ಮಾತು ಕೇಳುತ್ತಾ ಕಾಣದ ತಿರುವಿಗೆ ನುಗ್ಗುವ ನಂಬಿಕೆ ಬೆಳೆದ ದಿನ ಗೇಮ್ ಪೂರ್ತಿ ಬದಲಾಗುತ್ತದೆ.

ಡರ್ಟ್ ರ‍್ಯಾಲಿ 2.0 2019ರ ಗೇಮ್, ಅಗ್ಗಕ್ಕೆ ಸಿಗುತ್ತದೆ, ಸಾಧಾರಣ ಕಂಪ್ಯೂಟರಿನಲ್ಲಿ ಓಡುತ್ತದೆ. ಮಣ್ಣು ಅದ್ಭುತ. ಡಾಂಬರು ಮಾತ್ರ ತೇಲಿದ ಹಾಗೆ ಅನಿಸುತ್ತದೆ. 2023ರ ಇಎ ಸ್ಪೋರ್ಟ್ಸ್ ಡಬ್ಲ್ಯುಆರ್‌ಸಿಯಲ್ಲಿ ಡಾಂಬರು ಸುಧಾರಿಸಿದೆ, ಸ್ಟೇಜ್‌ಗಳು ಉದ್ದ. ಆದರೆ ಚಿತ್ರ ತಡವರಿಸುತ್ತದೆ, ಗಟ್ಟಿ ಕಂಪ್ಯೂಟರ್ ಬೇಕು. ನಿಜತನವೇ ಬೇಕು ಅನ್ನುವವರು ಕೊನೆಗೆ ತಲುಪುವುದು 2004ರ ರಿಚರ್ಡ್ ಬರ್ನ್ಸ್ ರ‍್ಯಾಲಿಗೆ. 2001ರ ವಿಶ್ವ ಚಾಂಪಿಯನ್‌ನ ಹೆಸರಿನ ಗೇಮ್. ಆಟಗಾರರೇ ಅದರ ಟೈರಿನ ಲೆಕ್ಕವನ್ನು ವರ್ಷಗಟ್ಟಲೆ ತಿದ್ದಿ ಬೆಳೆಸಿದ್ದಾರೆ. ಅದು ಕರುಣೆ ತೋರಿಸುವುದಿಲ್ಲ. ಮೊದಲು ಡರ್ಟ್ ರ‍್ಯಾಲಿ, ಆಮೇಲೆ ಇದು.

ಕರೆಂಟು, ನೆಟ್ಟು

ಐರೇಸಿಂಗ್‌ಗೆ ನೆಟ್ ಇಲ್ಲದೆ ಆಗದು. ಗ್ರಾನ್ ಟುರಿಸ್ಮೊ 7ರಲ್ಲೂ ಮುಖ್ಯ ಭಾಗಕ್ಕೆ ನೆಟ್ ಬೇಕೇ ಬೇಕು. ಜುಲೈ ತಿಂಗಳ ಗಾಳಿಮಳೆಯಲ್ಲಿ ಮರ ಬಿದ್ದು ಲೈನ್ ಹೋದರೆ ರೇಸ್ ಅರ್ಧಕ್ಕೇ ಮುಗಿಯುತ್ತದೆ, ರೇಟಿಂಗ್ ಕೂಡ ಇಳಿಯುತ್ತದೆ. ರೂಟರಿಗೂ ಕಂಪ್ಯೂಟರಿಗೂ ಯುಪಿಎಸ್ ಇಲ್ಲದ ಮನೆಯಲ್ಲಿ ಮಳೆಗಾಲಕ್ಕೆ ಆನ್‌ಲೈನ್ ರೇಸ್ ಬೇಡ. ಅಸೆಟ್ಟೊ ಕೊರ್ಸಾ, ಡರ್ಟ್ ರ‍್ಯಾಲಿ ಎರಡನ್ನೂ ನೆಟ್ ಇಲ್ಲದೆ ಆಡಬಹುದು, ಎರಡನೆಯದರ ಕೆರಿಯರ್ ಭಾಗಕ್ಕೆ ಮಾತ್ರ ನೆಟ್ ಬೇಕು. ಇಲ್ಲಿಂದ ಯುರೋಪಿನ ಸರ್ವರಿಗೆ ಪಿಂಗ್, ಅಂದರೆ ಸಿಗ್ನಲ್ ಹೋಗಿ ಬರುವ ಹೊತ್ತು, ಜಾಸ್ತಿ. ಪಕ್ಕದಲ್ಲಿ ಕಾಣುವ ಕಾರು ನಿಜವಾಗಿ ಅಲ್ಲಿರುವುದಿಲ್ಲ, ಸ್ವಲ್ಪ ಹೆಚ್ಚು ಜಾಗ ಬಿಟ್ಟು ಓಡಿಸಿ.

ಬೈಯುವ ಮೊದಲು ಎರಡು ಸೆಟ್ಟಿಂಗ್

ಗೇಮ್ ಸರಿಯಿಲ್ಲ ಅನ್ನುವವರಲ್ಲಿ ಹಲವರ ಸೆಟ್ಟಿಂಗ್ ಸರಿಯಿರುವುದಿಲ್ಲ. ಮೊದಲನೆಯದು ಫೋರ್ಸ್ ಫೀಡ್‌ಬ್ಯಾಕ್ ಗೇನ್, ಅಂದರೆ ವೀಲ್ ಕೈಯನ್ನು ಎಷ್ಟು ಜೋರಾಗಿ ಎಳೆಯಬೇಕು ಅನ್ನುವ ಸೆಟ್ಟಿಂಗ್. ಭಾರ ಬೇಕು ಅಂತ ಅದನ್ನು ಏರಿಸಿದರೆ ವೀಲಿನ ಶಕ್ತಿ ಮುಗಿದ ಮೇಲೆ ಬರುವ ಎಲ್ಲ ಬಲವೂ ಒಂದೇ ಸಮ ಆಗುತ್ತದೆ. ಇದಕ್ಕೆ ಕ್ಲಿಪ್ಪಿಂಗ್ ಅನ್ನುತ್ತಾರೆ. ಆಗ ನಾವು ಹುಡುಕುತ್ತಿರುವ ಹಗುರವೇ ಮಾಯ. ಅಸೆಟ್ಟೊ ಕೊರ್ಸಾದಲ್ಲಿ ಪೆಡಲ್‌ಗಳ ಮೀಟರ್ ಪಕ್ಕದಲ್ಲೇ ಇದರ ಪಟ್ಟಿ ಕಾಣುತ್ತದೆ. ವೇಗದ ತಿರುವಿನಲ್ಲಿ ಅದು ಪೂರ್ತಿ ತುಂಬಿದರೆ ಗೇನ್ ಇಳಿಸಿ. ಕರ್ಬ್ (ಟ್ರ್ಯಾಕಿನ ಅಂಚಿನ ಕಟ್ಟೆ), ರಸ್ತೆಯ ನಡುಕ ಹೆಚ್ಚಿಸುವ ಸೆಟ್ಟಿಂಗ್‌ಗಳನ್ನೂ ಸೊನ್ನೆಯ ಹತ್ತಿರ ಇಡಿ. ಖಾರ ಜಾಸ್ತಿಯಾದ ಸಾರಿನಲ್ಲಿ ಬೇರೆ ರುಚಿ ತಿಳಿಯುವುದಿಲ್ಲ.

ಎರಡನೆಯದು ನೋಟದ ಕೋನ. 24 ಇಂಚಿನ ಪರದೆ ಕಣ್ಣಿನಿಂದ 60 ಸೆಂಟಿಮೀಟರ್ ದೂರ ಇದ್ದರೆ ಸರಿಯಾದ ಕೋನ ಮೇಲೆ ಕೆಳಗೆ ಸುಮಾರು 28 ಡಿಗ್ರಿ, ಅಡ್ಡಕ್ಕೆ ಸುಮಾರು 48. ಅಸೆಟ್ಟೊ ಕೊರ್ಸಾ ಕೇಳುವುದು ಮೊದಲಿನದನ್ನು, ಐರೇಸಿಂಗ್ ಎರಡನೆಯದನ್ನು. ಮೊದಲ ದಿನ ಕಿರಿದಾದ ಕಿಟಕಿಯಿಂದ ನೋಡಿದ ಹಾಗಾಗುತ್ತದೆ, ವೇಗವೂ ಕಮ್ಮಿ ಅನಿಸುತ್ತದೆ. ಆದರೆ ಬ್ರೇಕ್ ಹಾಕುವ ಜಾಗ ಸರಿಯಾಗಿ ಕಾಣಲು ಶುರುವಾಗುತ್ತದೆ, ಹಿಂಬದಿ ಜಾರಿದ್ದು ಬೇಗ ಕಣ್ಣಿಗೆ ಬೀಳುತ್ತದೆ.

ಇಷ್ಟಾದ ಮೇಲೂ ಅನುಮಾನ ಇದ್ದರೆ ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಕೊಂಡು ನೋಡಿ. 14 ದಿನದ ಒಳಗೆ, 2 ಗಂಟೆಗಿಂತ ಕಮ್ಮಿ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಆ ಹೊತ್ತಿನಲ್ಲಿ ಹತ್ತು ಕಾರು ಬದಲಿಸಬೇಡಿ. ಕಮ್ಮಿ ಶಕ್ತಿಯ, ಎಂಜಿನ್ ಹಿಂದಿನ ಚಕ್ರಗಳನ್ನು ಓಡಿಸುವ ಒಂದು ಕಾರು ತಗೊಳ್ಳಿ. ಚಿಕ್ಕ ಟ್ರ್ಯಾಕ್ ಒಂದು ಸಾಕು. ಸಹಾಯಗಳನ್ನೆಲ್ಲ ತೆಗೆಯಿರಿ. ಒಂದು ನಿಧಾನ ತಿರುವಿನಲ್ಲಿ ಬೇಕೆಂದೇ ವೇಗ ಜಾಸ್ತಿ ಮಾಡಿ, ಸ್ಟಿಯರಿಂಗ್ ಹಗುರವಾಗುವುದು ಕಾರು ಹೊರಗೆ ಹೋಗುವ ಮೊದಲಾ ಆಮೇಲಾ ನೋಡಿ. ಅದೇ ತಿರುವಿನಲ್ಲಿ ಆಕ್ಸಿಲರೇಟರ್ ಬೇಗ ಒತ್ತಿ ಹಿಂಬದಿ ಜಾರಿಸಿ. ವೀಲ್ ತಾನೇ ಎದುರು ತಿರುಗಲು ನೋಡಿತೇ? ಕಣ್ಣು ಮುಚ್ಚಿದ್ದರೂ ಆ ಜಾರುವಿಕೆ ಗೊತ್ತಾಗುತ್ತಿತ್ತೇ? ಎರಡಕ್ಕೂ ಹೌದು ಅಂದರೆ ಆ ಗೇಮ್ ಇಟ್ಟುಕೊಳ್ಳಿ. ಒಂದು ಎಚ್ಚರ: ಡೌನ್‌ಲೋಡ್ ಆಗುವ ಹೊತ್ತು ಆ ಎರಡು ಗಂಟೆಗೆ ಸೇರುವುದಿಲ್ಲ, ಆದರೆ ಗೇಮ್ ತೆರೆದು ಮೆನುವಿನಲ್ಲಿ ವೀಲಿನ ಗುಂಡಿ ಜೋಡಿಸುತ್ತಾ ಕೂತ ಹೊತ್ತು ಸೇರುತ್ತದೆ.